ನಾಲ್ಕು ನೆರೆಯೂರುಗಳ ಹುಟ್ಟು ಮತ್ತು ಬೆಳವಣಿಗೆ: ಆಧಾರಗಳ ವಿಮರ್ಶೆ

ಮೈಸೂರು ನಗರದ ಪಶ್ಚಿಮಕ್ಕೂ ನೈರುತ್ಯಕ್ಕೂ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕು ಪಟ್ಟಣಗಳು ಒಂದಕ್ಕೊಂದು ನೆರೆಯಾಗಿ ನಿಂತಿವೆ. ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆ ಎಂಬ ಮೂರು ಹೊಳೆಗಳು ಈ ಸೀಮೆಯನ್ನು ಹಾದುಹೋಗುತ್ತವೆ. ಈ ಊರುಗಳನ್ನು ಕುರಿತ ಬರವಣಿಗೆಗೆ ಕೊರತೆಯಿಲ್ಲ. ಗ್ಯಾಸೆಟಿಯರುಗಳಲ್ಲಿ, ಸಾಹಿತ್ಯ ಸಮ್ಮೇಳನಗಳ ಸ್ಮರಣ ಸಂಚಿಕೆಗಳಲ್ಲಿ, ನಮ್ಮ ವಿದ್ಯಾರ್ಥಿಗಳು ವರ್ಷವರ್ಷವೂ ಒಪ್ಪಿಸುವ ಪ್ರಬಂಧಗಳಲ್ಲಿ ಅವುಗಳ ಚರಿತ್ರೆ ಮತ್ತೆ ಮತ್ತೆ ಬಂದಿದೆ. ಆದರೆ ಆ ಚರಿತ್ರೆಗಳ ಕಟ್ಟು ಬಹುಮಟ್ಟಿಗೆ ಒಂದೇ. ಮೊದಲು ಊರಿನ ಹೆಸರಿನ ವ್ಯುತ್ಪತ್ತಿ; ಅನಂತರ ಸಿಕ್ಕಿದಷ್ಟು ಹಳೆಯದಾದ ಒಂದು ಶಾಸನ; ಅದರ ಮೇಲೆ ಒಬ್ಬ ದೊರೆ ಅಥವಾ ಪಾಳೆಯಗಾರ; ಅಲ್ಲಿಂದ ಒಂದೇ ನೆಗೆತಕ್ಕೆ ಇಂದಿನ ತಾಲ್ಲೂಕು ಕಚೇರಿ. ನಡುವಣ ಇನ್ನೂರು ಮುನ್ನೂರು ವರ್ಷಗಳಲ್ಲಿ ಊರು ಊರಾಗಿಯೇ ಇತ್ತೆ, ಪಾಳುಬಿದ್ದಿತ್ತೆ, ಯಾರು ಎಲ್ಲಿಂದ ಬಂದು ನೆಲೆಸಿದರು, ಯಾವ ಕಸುಬಿನಿಂದ ಹೊಟ್ಟೆ ಹೊರೆದರು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಇಂಥ ಬರವಣಿಗೆಯಲ್ಲಿ ಐತಿಹ್ಯ ಬೆರೆತಿದೆಯೆಂದು ನಾವು ಆಕ್ಷೇಪಿಸುವುದಿಲ್ಲ. ಐತಿಹ್ಯವೂ ಒಂದು ಆಧಾರವೇ. ಅದನ್ನು ಐತಿಹ್ಯವೆಂದು ತಿಳಿದು ಬಳಸಿದರೆ ಸಾಕು. ಹೆಸರಿಟ್ಟವನನ್ನೇ ಊರು ಕಟ್ಟಿದವನೆಂದು ಎಣಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆಯಷ್ಟೆ. ಆ ಅಭ್ಯಾಸದ ದೆಸೆಯಿಂದ ಈ ಪಟ್ಟಣಗಳನ್ನು ನಿಜವಾಗಿ ಬೆಳೆಸಿದ ಜನರೂ, ಅವುಗಳ ಬೆಳವಣಿಗೆಗಾಗಿ ನೆಲೆ ತಪ್ಪಿದ ಜನರೂ ಚರಿತ್ರೆಯ ಹೊರಗೆ ಉಳಿದುಬಿಟ್ಟಿದ್ದಾರೆ. ನಮ್ಮ ಆಕ್ಷೇಪ ಇದರ ಮೇಲೆ. ಪ್ರಕೃತ ಲೇಖನದಲ್ಲಿ ನಾಲ್ಕು ಊರುಗಳನ್ನೂ ಒಟ್ಟಿಗೆ ಇಟ್ಟುಕೊಂಡು ಈ ಮಾತನ್ನು ಪರೀಕ್ಷಿಸಬೇಕೆಂದಿದ್ದೇವೆ. ಒಂದೊಂದನ್ನೇ ಪ್ರತ್ಯೇಕವಾಗಿ ನೋಡಿದಾಗ ಕಾಣದ ಸಂಗತಿಗಳು ನಾಲ್ಕನ್ನೂ ಹೋಲಿಸಿದಾಗ ಕಾಣುತ್ತವೆ.

ಮೊದಲಿಗೆ ಎಡತೊರೆಯನ್ನು ತೆಗೆದುಕೊಳ್ಳಬಹುದು. ಇಂದಿನ ಕೃಷ್ಣರಾಜನಗರಕ್ಕೆ ಹಿಂದೆ ತಾಲ್ಲೂಕು ಕೇಂದ್ರವಾಗಿದ್ದ ಊರು ಇದು. ಕಾವೇರಿಯ ದಡದಲ್ಲಿ ಅರ್ಕೇಶ್ವರನ ಗುಡಿಯನ್ನು ಆಶ್ರಯಿಸಿ ಬೆಳೆದದ್ದು. ಈ ಊರಿಗೆ ಹಿಂದೊಮ್ಮೆ ದೊಡ್ಡದೊಂದು ಪ್ರಾಚೀನತೆ ಎರವಲಾಗಿ ದೊರೆತಿತ್ತು. ಒಂದನೆಯ ರಾಜೇಂದ್ರಚೋಳನ ತಮಿಳು ಪ್ರಶಸ್ತಿಗಳಲ್ಲಿ ಅವನು ಗೆದ್ದ ನಾಡುಗಳ ಪಟ್ಟಿ ಬರುತ್ತದೆ. ಅದರಲ್ಲಿ ‘ಇಡೈತುಱೈನಾಡು’ ಎಂಬುದು ಒಂದು. ಧ್ವನಿಸಾಮ್ಯವನ್ನು ಕಂಡು ರೈಸ್ ಅವರು ಇದನ್ನು ಮೈಸೂರು ಜಿಲ್ಲೆಯ ಎಡತೊರೆಯೆಂದು ಗುರುತಿಸಿದರು. ಆದರೆ ಆ ಪಟ್ಟಿಯಲ್ಲಿ ಇದರ ಜೊತೆಗೆ ಬರುವವು ಬನವಾಸಿ, ಕೊಲ್ಲಿಪಾಕೆ ಮೊದಲಾದ ಉತ್ತರದ ಸ್ಥಳಗಳು. ಕೃಷ್ಣಾ ತುಂಗಭದ್ರೆಗಳ ನಡುವಣ, ಇಂದಿನ ರಾಯಚೂರು ಸೀಮೆಯ ‘ಎಡೆದೊರೆ ಎರಡುಸಾಸಿರ’ವೇ ಇದು ಎಂದು ಫ್ಲೀಟ್ ಅವರು ಅನಂತರ ತೋರಿಸಿಕೊಟ್ಟರು, ವಿದ್ವಾಂಸರು ಅದನ್ನು ಒಪ್ಪಿದರು. ಪದದ ರಚನೆಯೂ ಇದಕ್ಕೇ ಒಲಿಯುತ್ತದೆ. ‘ಇಡೈ’ ಎಂಬುದಕ್ಕೆ ಕನ್ನಡದಲ್ಲಿ ಸಲ್ಲುವ ರೂಪ ‘ಎಡೆ’, ಎಂದರೆ ನಡುವೆ. ಎರಡು ತೊರೆಗಳ ನಡುವಣ ನಾಡು ಎಂಬ ಅರ್ಥ ರಾಯಚೂರು ಸೀಮೆಗೆ ಅಕ್ಷರಶಃ ಹೊಂದುತ್ತದೆ. ಕಾವೇರಿಯ ದಡದ ಊರಿನಲ್ಲಿ ಜನ ‘ಎಡ’ ಎಂಬುದನ್ನು ಬಲಕ್ಕೆ ಎದುರಾದ ಎಡವೆಂದೇ ತಿಳಿಯುತ್ತಾರೆ.

ಸಂಗತಿ ಇತ್ಯರ್ಥವಾಗಿ ಬಹುಕಾಲವಾಯಿತು. ಆದರೂ ಹನ್ನೊಂದನೆಯ ಶತಮಾನದ ಚೋಳ ದಂಡಯಾತ್ರೆಯನ್ನು ಈ ಊರಿನ ಬಾಗಿಲಿಗೆ ತಂದು ನಿಲ್ಲಿಸುವ ಮಾತನ್ನು ನಾವು ಇಂದಿಗೂ ಅಲ್ಲಲ್ಲಿ ಕೇಳುತ್ತೇವೆ. ವಿಚಿತ್ರವೆಂದರೆ ಈ ತಾಲ್ಲೂಕಿಗೆ ಚೋಳರ ಸಂಬಂಧ ಬೇಕಾಗಿದ್ದರೆ ಅದು ಎರವಿಲ್ಲದೆಯೇ ಹತ್ತಿರದಲ್ಲಿದೆ. ಇದೇ ತಾಲ್ಲೂಕಿನ ಹನಸೋಗೆ, ಶಾಸನಗಳ ಪನಸೋಗೆ, 11ನೆಯ ಶತಮಾನದ ಆರಂಭದಲ್ಲಿ ಚೋಳರಿಗೂ ಚಂಗಾಳ್ವರಿಗೂ ನಡೆದ ಕಾಳಗದ ಸ್ಥಳ. ಅಲ್ಲಿ ಮೆರೆದ ವೀರನೊಬ್ಬನಿಗೆ ರಾಜರಾಜಚೋಳನು ಕೊಂಗಾಳ್ವ ಎಂಬ ಬಿರುದನ್ನೂ ನೆಲವನ್ನೂ ಕೊಟ್ಟನು. ಹನಸೋಗೆಯ ಬಸದಿಗಳೂ ಅಲ್ಲಿನ ಜೈನ ಗುರುಪರಂಪರೆಯೂ ಆ ಕಾಲದ ದೊಡ್ಡ ಸಂಗತಿಗಳು. ಆದರೆ ಹನಸೋಗೆ ಇಂದು ಹಳ್ಳಿ. ತಾಲ್ಲೂಕು ಕೇಂದ್ರಕ್ಕೆ ಪ್ರಾಚೀನತೆ ಇರಲೇಬೇಕೆಂಬ ಹಂಬಲವುಳ್ಳ ಲೇಖಕನು ಹಳ್ಳಿಯ ನಿಜವಾದ ಶಾಸನವನ್ನು ದಾಟಿ ಪಟ್ಟಣದ ಸುಳ್ಳು ಶಾಸನಕ್ಕೆ ಕೈಚಾಚುತ್ತಾನೆ.

ಕೃಷ್ಣರಾಜನಗರವಾದರೋ ತನ್ನ ವಯಸ್ಸನ್ನು ಮುಚ್ಚಿಡುವ ಊರಲ್ಲ. ಕಾವೇರಿಯ ಪ್ರವಾಹದ ಭಯ ಎಡತೊರೆಗೆ ಹೊಸದಾಗಿರಲಿಲ್ಲ. 1924ರ ಮಹಾಪ್ರವಾಹವಂತೂ ಹೊಳೆಯುದ್ದಕ್ಕೂ ಜನ ಬಹುಕಾಲ ನೆನೆಯುವಂಥದಾಗಿತ್ತು. ಆ ದಶಕದಲ್ಲಿ ನದಿಯಿಂದ ದೂರ ಸರಿದು, ಎತ್ತರದ ನೆಲದಲ್ಲಿ, ನೇರ ಬೀದಿಗಳನ್ನು ಹಾಕಿ ಹೊಸ ಪಟ್ಟಣವನ್ನು ಕಟ್ಟಲಾಯಿತು. ಆಗ ಆಳುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಅದಕ್ಕೆ ಬಂತು. ನಾಲ್ಕು ಊರುಗಳಲ್ಲಿ ಹೆಸರಿನ ಒಡೆಯನೂ ಊರಿನ ಕಟ್ಟಡಕ್ಕೆ ಕಾರಣವಾದ ಸರ್ಕಾರವೂ ಒಂದೇ ಆಗಿರುವುದು ಇಲ್ಲಿ ಮಾತ್ರ. ನಮ್ಮ ವಾದಕ್ಕೆ ಇದು ಅಪವಾದವೆಂದು ಒಪ್ಪಬೇಕು. ಆದರೂ ಕಟ್ಟಿದ ಊರು ಬೆಳೆದದ್ದು ನಾಮಬಲದಿಂದಲ್ಲ. ಮೈಸೂರಿನಿಂದ ಹಾಸನ ಅರಸೀಕೆರೆಗಳ ಕಡೆಗೆ ಹೋಗುವ ರೈಲುದಾರಿ ಇಲ್ಲಿ ಹಾಯುತ್ತದೆ. ಉಳಿದ ಮೂರು ಪಟ್ಟಣಗಳಿಗೆ ರೈಲು ಬರಲೇ ಇಲ್ಲ. ಮಿರ್ಲೆ, ಚಾಮರಾಜ ಮೊದಲಾದ ಅಣೆಕಟ್ಟುಗಳ ನಾಲೆಗಳಿಂದ ಈ ತಾಲ್ಲೂಕಿನಲ್ಲಿ ಬತ್ತದ ಗದ್ದೆ ಹಬ್ಬಿತು. ಬತ್ತ ಬಂದಲ್ಲಿ ಗಿರಣಿ ಬಂತು. ಗಿರಣಿ ಬಂದಲ್ಲಿ ಮಂಡಿ ಬಂತು. ಚುಂಚನಕಟ್ಟೆಯಲ್ಲಿ ಸುಗ್ಗಿ ಕಳೆದ ಮೇಲೆ ಸೇರುವ ದನಗಳ ಜಾತ್ರೆ ಸುತ್ತಣ ಸೀಮೆಯ ಒಕ್ಕಲುಗಳನ್ನೆಲ್ಲ ಎಳೆಯುತ್ತದೆ. ಎಡತೊರೆ ಹೊಳೆಗೆ ಅಂಜಿ ಸ್ಥಳ ಬಿಟ್ಟಿತು. ಅದೇ ಹೊಳೆಯ ನಾಲೆಯ ನೀರಿನಿಂದ ಕೃಷ್ಣರಾಜನಗರ ಬೆಳೆಯಿತು.

ಪಿರಿಯಾಪಟ್ಟಣದ ಸಮಸ್ಯೆ ಬೇರೆ ಬಗೆಯದು. ಹಿಂದೆ ಸಿಂಗಪಟ್ಟಣವೆಂದು ಕರೆಯುತ್ತಿದ್ದ ಊರನ್ನು 16ನೆಯ ಶತಮಾನದ ಚಂಗಾಳ್ವ ಅರಸು ಪಿರಿಯರಾಜನು ಜೀರ್ಣೋದ್ಧಾರ ಮಾಡಿ ತನ್ನ ಹೆಸರನ್ನು ಕೊಟ್ಟನೆಂಬುದು ರೈಸ್ ಅವರಿಂದ ಬಂದ ವಿವರಣೆ. ‘ಪಿರಿಯ’ವೆಂದರೆ ‘ಹಿರಿಯ’, ಆದುದರಿಂದ ಇದು ‘ದೊಡ್ಡ ಪಟ್ಟಣ’ ಎಂದು ಅರ್ಥ ಹೇಳುವವರೂ ಇದ್ದಾರೆ. ಈ ಎರಡನೆಯ ಅರ್ಥಕ್ಕೆ ಭಾಷಾಚರಿತ್ರೆಯಲ್ಲಿ ಒಂದು ತೊಡಕಿದೆ. ಪದಾದಿಯ ಪಕಾರ ಕನ್ನಡದಲ್ಲಿ ಹಕಾರವಾಗುವ ಕ್ರಿಯೆ 10ನೆಯ ಶತಮಾನದ ಹೊತ್ತಿಗೆ ಮೊದಲಾಗಿ, ನಡುಗನ್ನಡದಲ್ಲಿ ಬಹುಮಟ್ಟಿಗೆ ಮುಗಿದಿತ್ತು. ಇದೇ ಸೀಮೆಯ ಪನಸೋಗೆ ಹನಸೋಗೆಯಾದದ್ದು ಹೀಗೆಯೇ. 16ನೆಯ ಶತಮಾನದಲ್ಲಿ ಜನರು ದೊಡ್ಡ ಪಟ್ಟಣವೆಂಬ ಅರ್ಥದಲ್ಲಿ ಹೆಸರಿಟ್ಟಿದ್ದರೆ ಅದು ಹಿರಿಯಪಟ್ಟಣವಾಗಬೇಕಿತ್ತು. ಪಕಾರ ಉಳಿದಿರುವುದು ಇದು ವ್ಯಕ್ತಿನಾಮವೆಂಬುದಕ್ಕೆ ಬೆಂಬಲ ಕೊಡುತ್ತದೆ. ವ್ಯಕ್ತಿನಾಮಗಳು ಹಳೆಯ ರೂಪವನ್ನು ಬೇಗ ಬಿಡುವುದಿಲ್ಲ. ಪಕಾರವನ್ನು ಉಳಿಸಿಕೊಂಡ ಕೊಡಗಿನ ಮಾತು ಮಗ್ಗುಲಲ್ಲಿಯೇ ಇದ್ದುದನ್ನೂ ನೆನೆಯಬಹುದು. ಆದುದರಿಂದ ಇಲ್ಲಿ ನಾವು ರೈಸ್ ಅವರ ಪಕ್ಷ.

ಹೆಸರಿನ ವಿಷಯದಲ್ಲಿ ರಾಜನ ಹಕ್ಕನ್ನು ಒಪ್ಪಿಕೊಂಡ ಮೇಲೆಯೂ ಊರಿನ ವಿಷಯ ಉಳಿಯುತ್ತದೆ. 17ನೆಯ ಶತಮಾನದ ನಾಲ್ಕನೆಯ ಐದನೆಯ ದಶಕಗಳಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೇನೆ ಪಿರಿಯಾಪಟ್ಟಣವನ್ನು ಹಿಡಿಯಿತು. ಚಂಗಾಳ್ವರ ಆಳ್ವಿಕೆ ಅಲ್ಲಿಗೆ ಮುಗಿಯಿತು. ಚಂಗಾಳ್ವ ವೀರರಾಜನು ಕೋಟೆ ಉಳಿಯದೆಂದು ಕಂಡು ತನ್ನ ಹೆಂಡಿರು ಮಕ್ಕಳನ್ನು ತಾನೇ ಕೊಂದು, ಕತ್ತಿ ಹಿಡಿದು ಹೊರಬಿದ್ದು ಮಡಿದನೆಂಬ ಕಥೆ ಎಲ್ಲರಿಗೂ ಗೊತ್ತು. ಸ್ಮರಣ ಸಂಚಿಕೆಗಳು ಸಾಮಾನ್ಯವಾಗಿ ಇಲ್ಲಿ ನಿಲ್ಲುತ್ತವೆ. ಆದರೆ ಊರಿನ ಕಷ್ಟ ಇಲ್ಲಿಗೆ ನಿಲ್ಲಲಿಲ್ಲ. ಕೊಡಗಿಗೂ ಮೈಸೂರಿಗೂ ನಡುವಣ ಗಡಿಯ ಕೋಟೆಯಾದುದರಿಂದ 18ನೆಯ ಶತಮಾನದ ದಂಡುಗಳೆಲ್ಲ ಇದನ್ನು ತುಳಿದೇ ಹೋದವು. 1791ರಲ್ಲಿ ಅಬರ್‌ಕ್ರಾಂಬಿಯ ಮುಂಬಯಿ ಸೇನೆ ಕೊಡಗಿನ ಮೂಲಕ ಇಲ್ಲಿಯವರೆಗೆ ಬಂದು ಹಿಂದಿರುಗಿತು. 1799ರ ಮಾರ್ಚ್ 6ರಂದು ಹತ್ತಿರದ ಸಿದ್ದೇಶ್ವರದಲ್ಲಿ ಟಿಪ್ಪುವಿಗೂ ಮುಂಬಯಿ ಸೇನೆಗೂ ಕಾಳಗವಾಯಿತು. ಅದರ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದನು. ಅವನು ಕಂಡದ್ದು ಪಾಳು. ಕೋಟೆಯ ಒಳಗನ್ನು ಹುಲಿಗಳು ಆಕ್ರಮಿಸಿದ್ದವು. ಕೆಲವು ದಿನಗಳ ಹಿಂದೆ ದಾರಿತಪ್ಪಿ ಒಳಹೊಕ್ಕ ಒಂದು ಕುದುರೆ ಅವುಗಳಿಗೆ ಆಹಾರವಾಗಿತ್ತು. ನಡುಹಗಲಿನಲ್ಲಿಯೂ ಒಬ್ಬಂಟಿಗನು ಒಳಗೆ ಕಾಲಿಡಲು ಹೆದರುತ್ತಿದ್ದನು ಎಂದು ಅವನು ಬರೆದಿಟ್ಟಿದ್ದಾನೆ.

ಬುಕಾನನ್‌ನ ಈ ಪುಟ ಪಿರಿಯಾಪಟ್ಟಣದ ಚರಿತ್ರೆಗೆ ಯಾವ ಶಾಸನಕ್ಕಿಂತಲೂ ಕಡಮೆ ಬೆಲೆಯದಲ್ಲವೆಂದು ನಮ್ಮ ಅಭಿಪ್ರಾಯ. ಇಂದಿನ ಪಟ್ಟಣವು ಚಂಗಾಳ್ವರ ಪಟ್ಟಣದ ಮುಂದುವರಿಕೆಯೆಂದು ನಾವು ಲೀಲಾಜಾಲವಾಗಿ ಬರೆಯುತ್ತೇವೆ. ನಡುವೆ ಹುಲಿಗಳ ಕಾಲವೊಂದಿತ್ತು. ಆ ಪಾಳಿಗೆ ಮೊದಲು ಹಿಂದಿರುಗಿದ ಕುಟುಂಬಗಳು ಯಾವ ದೊರೆಗೂ ಕಡಮೆಯಿಲ್ಲದ ಎದೆಯುಳ್ಳವು; ಇಂದಿನ ಊರಿನ ಸ್ಥಾಪಕರೆಂಬ ಹೆಸರು ಸಲ್ಲಬೇಕಾದದ್ದು ಅವರಿಗೆ.

ಈಗ ಹುಣಸೂರಿಗೆ ಬರೋಣ. ನಾಲ್ಕರಲ್ಲಿ ಇದರ ಹೆಸರೇ ಅತಿ ಬಡವಾದದ್ದು. ಹುಣಸೆ ಎಂಬುದಕ್ಕೆ ಊರು ಸೇರಿ ಲೋಪಸಂಧಿಯಿಂದ ಹುಣಸೂರಾಯಿತೆಂದರೆ ವ್ಯಾಕರಣ ಒಪ್ಪುತ್ತದೆ. ಇಲ್ಲಿ ದೊರೆಯ ಹೆಸರಿಲ್ಲ, ಕೋಟೆಯ ಹೆಸರಿಲ್ಲ. ಒಂದು ಮರದ ಹೆಸರು. ಹಳೆಯ ಸಾಹಿತ್ಯದ ನಕ್ಷೆಯಲ್ಲಿಯೂ ಪಟ್ಟಣಕ್ಕಿಂತ ಈ ತಾಲ್ಲೂಕಿನ ಕಲ್ಲಹಳ್ಳಿಗೆ ಸ್ಥಾನ ಹೆಚ್ಚು. 16ನೆಯ ಶತಮಾನದ ಆರಂಭದಲ್ಲಿ ಸಮ್ಯಕ್ತ್ವಕೌಮುದಿ, ನೇಮಿಜಿನೇಶಸಂಗತಿ ಮೊದಲಾದ ಕಾವ್ಯಗಳನ್ನು ಬರೆದ ಮೂರನೆಯ ಮಂಗರಸನು ಕಲ್ಲಹಳ್ಳಿಯ ಪ್ರಭು. (ಇದೇ ಕಲ್ಲಹಳ್ಳಿಯಿಂದ ಮುಂದೆ ದೇವರಾಜ ಅರಸರು ಬಂದು 1972ರಲ್ಲಿ ರಾಜ್ಯದ ಮುಖ್ಯಮಂತ್ರಿಗಳಾದರು.) ಆದರೂ 2011ರ ಜನಗಣತಿಯ ಹೊತ್ತಿಗೆ ಹುಣಸೂರು ಸುಮಾರು 50 ಸಾವಿರ ಜನರ ನಗರವಾಗಿತ್ತು, ರಾಜಧಾನಿಯಾಗಿದ್ದ ಪಿರಿಯಾಪಟ್ಟಣವೂ ಕೋಟೆಯೆಂದೇ ಹೆಸರಾಂತ ಹೆಗ್ಗಡದೇವನಕೋಟೆಯೂ 20 ಸಾವಿರವನ್ನು ಮುಟ್ಟಿರಲಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಪಿರಿಯಾಪಟ್ಟಣವು ಹುಣಸೂರು ತಾಲ್ಲೂಕಿಗೆ ಸೇರಿದ ಉಪತಾಲ್ಲೂಕಾಗಿತ್ತೆಂಬುದನ್ನು ಇದರೊಡನೆ ಇಟ್ಟು ನೋಡಬೇಕು. ರಾಜಧಾನಿ ಹುಣಸೆಮರದ ಊರಿಗೆ ಅಧೀನವಾದುದು ಹೇಗೆ? ಶಾಸನಗಳನ್ನು ಎಷ್ಟು ಓದಿದರೂ ಇದಕ್ಕೆ ಉತ್ತರ ದೊರೆಯುವುದಿಲ್ಲ.

ಉತ್ತರ ದೊರೆಯುವುದು ದನದ ದೊಡ್ಡಿಯಲ್ಲಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯನ್ನು ಹೈದರನು ಬೆಳೆಸಿ, ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟನು. ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಹುಟ್ಟಿದ ಈ ಇಲಾಖೆ ಫಿರಂಗಿ ಎಳೆಯುವ ಎತ್ತುಗಳ ಇಲಾಖೆಯಾಯಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಕ್ಷೀಣಿಸಿದವು. 1813ರಲ್ಲಿ ಮದರಾಸು ಸೇನೆಯ ಸರಬರಾಜು ಇಲಾಖೆ ಅವುಗಳನ್ನು ತನ್ನ ವಶಕ್ಕೆ ತೆಗೆದುಕೊಂಡು ಕ್ಯಾಪ್ಟನ್ ಹಾರ್ವಿಗೆ ಒಪ್ಪಿಸಿತು. ಆ ಇಲಾಖೆ ಹುಣಸೂರಿನಲ್ಲಿ ನೆಲೆಯೂರಿತು. ಸೈನ್ಯಕ್ಕೆ ಎತ್ತು ಬೇಕಾದರೆ ಗಾಡಿಯೂ ಬೇಕು, ಚರ್ಮದ ಸಾಮಾನೂ ಬೇಕು, ಕಂಬಳಿಯೂ ಬೇಕು. ಆದುದರಿಂದ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರಮಟ್ಟಿನ ಅಂಗಳ ಒಂದೊಂದಾಗಿ ಇಲ್ಲಿ ಎದ್ದವು. ಪಶ್ಚಿಮದ ಕಾಡಿನ ತೇಗ ಹತ್ತಿರವಿತ್ತು, ಲಕ್ಷ್ಮಣತೀರ್ಥದ ನೀರಿತ್ತು.

1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವಿಲಿಯನ್ ಖರ್ಚಿನ ಕಾರಣದಿಂದ ಅಮೃತಮಹಲನ್ನು ಮುಚ್ಚಿಸಿ ಹಿಂಡುಗಳನ್ನು ಮಾರಿಸಿದನು. ಕೆಲವು ರಾಸುಗಳು ಈಜಿಪ್ಟಿನ ಪಾಷಾನವರೆಗೆ ಹೋದವು. ಆರೇಳು ವರ್ಷಗಳಲ್ಲಿ ತಪ್ಪು ತಿಳಿದು ಇಲಾಖೆಯನ್ನು ಮೈಸೂರಿನಲ್ಲಿ ಮತ್ತೆ ಸ್ಥಾಪಿಸಬೇಕಾಯಿತು. ಆದರೆ ಹುಣಸೂರಿನ ಸೇನಾ ಕಾರ್ಖಾನೆಗಳು ಮತ್ತೆ ಹಿಂದಿನ ರೀತಿಯಲ್ಲಿ ಏಳಲಿಲ್ಲ. ಸರ್ಕಾರ ಕಟ್ಟಿದ ಊರಾಗಿದ್ದರೆ ಸರ್ಕಾರ ಹೊರಟ ದಿನ ಅದು ಬರಿದಾಗಬೇಕಿತ್ತು. ಹಾಗಾಗಲಿಲ್ಲ. ಕೈಕಸುಬು ಕಲಿತ ಜನ ಅಲ್ಲಿಯೇ ಉಳಿದರು. ಬೂಟು, ಚರ್ಮದ ಚೀಲ, ಕಂಬಳಿ, ಎತ್ತಿನ ಗಾಡಿಗಳನ್ನು ಅವರು ತಮ್ಮ ಬಂಡವಾಳದಲ್ಲಿಯೇ ಮಾಡಿ ಮಾರಿದರು. 20ನೆಯ ಶತಮಾನದ ಆದಿಯ ಗ್ಯಾಸೆಟಿಯರು ಸಹ ಈ ಕಸುಬುಗಳನ್ನು ಆ ಕಾರ್ಖಾನೆಗಳ ಉಳಿಕೆಯೆಂದೇ ಗುರುತಿಸಿ ಹೊಗಳುತ್ತದೆ. ಗ್ಯಾಸೆಟಿಯರಿನ ವಾಕ್ಯವನ್ನು ನಮ್ಮವರು ಎಷ್ಟೋ ಸಲ ಉದ್ಧರಿಸಿದ್ದಾರೆ. ಆ ಚರ್ಮಕಾರರು, ಆ ನೇಕಾರರು, ಆ ಬಡಗಿಗಳು ಯಾರು ಎಂದು ಕೇಳಿದವರು ಅಪರೂಪ. ಚರ್ಮದ ಕೆಲಸವನ್ನು ನಮ್ಮ ಸಮಾಜ ಯಾವ ಜನಕ್ಕೆ ಹೊರಿಸಿತ್ತೆಂಬುದು ಎಲ್ಲರಿಗೂ ತಿಳಿದದ್ದೇ. ಚರಿತ್ರೆ ಬರೆದವರ ಮೌನಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ.

ಇದರ ಮೇಲೆ ದಾರಿ. 1834ರಲ್ಲಿ ಕೊಡಗು ಕಂಪನಿಯ ವಶವಾಯಿತು. 1850ರ ದಶಕದಿಂದ ಅಲ್ಲಿ ಕಾಫಿ ತೋಟಗಳು ಹಬ್ಬಿದವು. ಮೈಸೂರಿನಿಂದ ಬಂದ ರಸ್ತೆ ಹುಣಸೂರಿನಲ್ಲಿ ಕವಲೊಡೆದು, ಒಂದು ಪಿರಿಯಾಪಟ್ಟಣದ ಮೇಲೆ ಮಡಿಕೇರಿಗೂ ಇನ್ನೊಂದು ಗೋಣಿಕೊಪ್ಪದ ಮೇಲೆ ವಿರಾಜಪೇಟೆಗೂ ಹೋಗುತ್ತದೆ. ಕೊಡಗಿನ ಎರಡು ಭಾಗಗಳಿಂದಲೂ ಇಳಿದ ಕಾಫಿ ಸೇರುವುದು ಈ ಕವಲಿನಲ್ಲಿ. ಆದುದರಿಂದ ಕಾಫಿಯನ್ನು ಒಣಗಿಸಿ, ಸಿಪ್ಪೆ ಬಿಡಿಸಿ, ಹಸನುಮಾಡಿ ರಫ್ತಿಗೆ ಸಿದ್ಧಪಡಿಸುವ ಕಾರ್ಖಾನೆಗಳು ಇಲ್ಲಿ ನೆಲೆಸಿದವು. ಸುಗ್ಗಿಯ ತಿಂಗಳುಗಳಲ್ಲಿ ನೂರಾರು ಆಳುಗಳಿಗೆ, ಬಹುಶಃ ಹೆಂಗಸರಿಗೇ ಹೆಚ್ಚಾಗಿ, ಕೂಲಿ ದೊರೆಯಿತು. ಪಿರಿಯಾಪಟ್ಟಣ ಅದೇ ದಾರಿಯ ಮೇಲಿದ್ದರೂ ಒಂದೇ ಕವಲಿನ ಮೇಲಿತ್ತು. ರಾಜಧಾನಿಗೂ ಹುಣಸೆಮರದ ಊರಿಗೂ ಭಾಗ್ಯ ಅದಲುಬದಲಾದುದಕ್ಕೆ ಇದಕ್ಕಿಂತ ಹೆಚ್ಚಿನ ರಹಸ್ಯವಿಲ್ಲ.

ಊರುಗಳ ಹುಟ್ಟನ್ನು ಹೀಗೆ ದಾರಿ, ಸರಕು, ಕೂಲಿಗಳಿಂದ ವಿವರಿಸುವ ಕ್ರಮ ಬೇರೆ ದೇಶಗಳಲ್ಲಿ ಹೊಸದಲ್ಲ. ಅಮೆರಿಕದ ನಡುಪಶ್ಚಿಮದ ಹುಲ್ಲುಬಯಲಿನ ಪಟ್ಟಣಗಳನ್ನು ಇದಕ್ಕೆ ನಿದರ್ಶನವಾಗಿ ಕೊಡುವುದುಂಟು. 1850ರ ದಶಕದಲ್ಲಿ ಇಲಿನಾಯ್ ಸೆಂಟ್ರಲ್ ರೈಲು ಕಂಪನಿಯ ದಾರಿಯುದ್ದಕ್ಕೂ ಹತ್ತಾರು ಊರುಗಳನ್ನು ಒಂದೇ ನಕ್ಷೆಯ ಮೇಲೆ, ಬೀದಿಗಳಿಗೆ ಒಂದೇ ಹೆಸರುಗಳನ್ನಿಟ್ಟು ಗುರುತುಮಾಡಿದರು. ಜನ ಬಂದದ್ದು ಆಮೇಲೆ. ನಮ್ಮ ಕೃಷ್ಣರಾಜನಗರ ಇದನ್ನು ದೂರದಿಂದ ಹೋಲುತ್ತದೆ. ಆದರೆ ಹೋಲಿಕೆಯ ಇನ್ನೊಂದು ಮುಖವನ್ನು ಮರೆಯಬಾರದು. ಆ ಬಯಲು ಬರಿದಾಗಿತ್ತೆಂದು ಹೇಳುವ ಚರಿತ್ರೆಗಳು, ಅದನ್ನು ಬರಿದುಮಾಡಿದ 1830ರ ಕಾನೂನನ್ನೂ ಅಲ್ಲಿಂದ ಹೊರಡಿಸಲ್ಪಟ್ಟ ಮೂಲಜನರನ್ನೂ ಬಹುಕಾಲ ಹೇಳದೆ ಬಿಟ್ಟವು. ಹೆಗ್ಗಡದೇವನಕೋಟೆಯ ಚರಿತ್ರೆಯಲ್ಲಿ ನಮ್ಮ ಲೋಪವೂ ಇದೇ ಜಾತಿಯದು.

ಹೆಗ್ಗಡೆ ದೇವ ಎಂಬ ಅಧಿಕಾರಿಯೋ ಪಾಳೆಯಗಾರನೋ ಕಟ್ಟಿದ ಕೋಟೆಯಿಂದ ಊರಿಗೆ ಈ ಹೆಸರು ಬಂತೆಂಬುದರಲ್ಲಿ ವಿವಾದಕ್ಕೆ ಎಡೆಯಿಲ್ಲ. ‘ಹೆಗ್ಗಡೆ’ಯೆಂಬುದು ಪದವಿಯ ಹೆಸರು. ಅವನ ಕಾಲ ಕುಲಗಳ ಮೇಲಿನ ಕಥೆಗಳು ಒಂದಕ್ಕೊಂದು ಹೊಂದುವುದಿಲ್ಲ. ಈ ಕಥೆಗಳು ಸಾಲದೆಂದು ಊರಿನ ಚರಿತ್ರೆಕಾರರು ಪುನ್ನಾಟವನ್ನು ತರುತ್ತಾರೆ. ಪುನ್ನಾಟ ನಿಜವಾಗಿಯೂ ಪ್ರಾಚೀನ. 2ನೆಯ ಶತಮಾನದ ಟಾಲೆಮಿ ಅಲ್ಲಿ ದೊರೆಯುವ ರತ್ನಶಿಲೆಯನ್ನು ಹೆಸರಿಸಿದ್ದಾನೆ. ಗಂಗ ಅವಿನೀತನು ಪುನ್ನಾಟದ ರಾಜಕುಮಾರಿಯನ್ನು ಮದುವೆಯಾಗಿ ದುರ್ವಿನೀತನನ್ನು ಪಡೆದನು. ಭದ್ರಬಾಹುವಿನ ಸಂಘ ಪುನ್ನಾಟಕ್ಕೆ ಬಂದಿತೆಂದು 931ರ ಹರಿಷೇಣನ ಬೃಹತ್ಕಥಾಕೋಶ ಹೇಳುತ್ತದೆ. 783ರಲ್ಲಿ ಹರಿವಂಶಪುರಾಣವನ್ನು ಮುಗಿಸಿದ ಜಿನಸೇನನು ಪುನ್ನಾಟ ಸಂಘದವನು. ಆದರೆ ಪುನ್ನಾಟದ ರಾಜಧಾನಿ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿರುವುದು ಕಪಿಲೆಯ ದಡದ ಕಿತ್ತೂರನ್ನು, ಹೆಗ್ಗಡದೇವನಕೋಟೆಯನ್ನಲ್ಲ. ಎಡತೊರೆಯಲ್ಲಿ ಕಂಡ ಎರವಲಿನ ದೋಷವೇ ಇಲ್ಲಿಯೂ ಇದೆ. ವ್ಯತ್ಯಾಸವೆಂದರೆ ಸಾಲ ಕೊಟ್ಟ ಊರು ಇಲ್ಲಿ ಅದೇ ತಾಲ್ಲೂಕಿನದು. 1974ರಲ್ಲಿ ಕಬಿನಿ ಜಲಾಶಯ ಮುಗಿದಾಗ ಆ ಕಿತ್ತೂರಿನ ಹಳೆಯ ನೆಲೆ ನೀರಿನ ಪಾಲಾಯಿತು. ತಾಲ್ಲೂಕಿನ ಕೀರ್ತಿಯನ್ನು ಕಿತ್ತೂರಿನಿಂದ ಪಡೆಯುವ ಬರವಣಿಗೆಗಳು ಕಿತ್ತೂರು ಮುಳುಗಿದ್ದನ್ನು ಒಂದು ವಾಕ್ಯದಲ್ಲಿ ಮುಗಿಸುವುದನ್ನು ಕಂಡು ನಮಗೆ ವ್ಯಥೆಯಾಗಿದೆ.

ಕೋಟೆಗೂ ಮೊದಲು, ಪುನ್ನಾಟದ ದೊರೆಗಳ ಕಾಲದಲ್ಲಿಯೂ, ಇಲ್ಲಿನ ಕಾಡಿನಲ್ಲಿ ಜನವಿತ್ತು. ಜೇನುಕುರುಬರು, ಕಾಡುಕುರುಬರು ಎಂದು ನಾವು ಕರೆಯುವ ಆ ಜನ ಶಾಸನ ಹಾಕಿಸುವವರಲ್ಲ. ಆದರೂ ಕಾಕನಕೋಟೆಯ ಖೆಡ್ಡಾದಲ್ಲಿ ಆನೆಯ ಜಾಡು ಹಿಡಿದವರು, ಹಿಂಡನ್ನು ಹೊಳೆಯ ಕಡೆಗೆ ತಿರುಗಿಸಿದವರು, ಹಿಡಿದ ಆನೆಯನ್ನು ಪಳಗಿಸಿದವರು ಅವರೇ. ಮಹಾರಾಜರು, ವೈಸ್‌ರಾಯರು ಅಟ್ಟಣೆಯ ಮೇಲೆ ಕುಳಿತು ನೋಡಿದ ಖೆಡ್ಡಾಗಳಿಗೆ ಚಿತ್ರಗಳಿವೆ, ವರದಿಗಳಿವೆ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮಾಸ್ತಿಯವರು ‘ಕಾಕನಕೋಟೆ’ ನಾಟಕದಲ್ಲಿ ಈ ಕಾಡಿನ ಕುರುಬರನ್ನು ಕಥೆಯ ನಡುವಿಗೆ ತಂದರು. ಚರಿತ್ರೆಕಾರರಿಗಿಂತ ಮೊದಲು ಕವಿ ಆ ಕೆಲಸ ಮಾಡಿದುದು ನಮ್ಮ ಶಾಸ್ತ್ರಕ್ಕೆ ಹೆಮ್ಮೆಯ ಮಾತಲ್ಲ. ಜಲಾಶಯ ಬಂದಾಗ, ಅನಂತರ ನಾಗರಹೊಳೆ ಬಂಡೀಪುರಗಳು ರಾಷ್ಟ್ರೀಯ ಉದ್ಯಾನಗಳಾದಾಗ, ಈ ಜನ ಕಾಡಿನ ಒಳಗಿನ ಹಾಡಿಗಳನ್ನು ಬಿಡಬೇಕಾಯಿತು. 20ನೆಯ ಶತಮಾನದ ಕೊನೆಯಲ್ಲಿ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಅವರಿಗಾಗಿ ಪುನರ್ವಸತಿ ಕಾಲೊನಿ ಎದ್ದಿತು. ಅದೂ ಒಂದು ಊರಿನ ಸ್ಥಾಪನೆಯೇ. ಯಾವ ತಾಲ್ಲೂಕು ದರ್ಶನದಲ್ಲಿಯೂ ಅದನ್ನು ಸ್ಥಾಪನೆಯೆಂದು ಬರೆದುದನ್ನು ನಾವು ಕಂಡಿಲ್ಲ.

ಹೊರಗಿನಿಂದ ಬಂದು ನೆಲೆಸಿದವರ ಚರಿತ್ರೆಯಾದರೂ ಚೆನ್ನಾಗಿದೆಯೆ ಎಂದರೆ, ಕೆಲವೆಡೆ ಇದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರವು ಸಂಕೇತಿಗಳ ಎರಡು ಮುಖ್ಯ ಶಾಖೆಗಳಲ್ಲಿ ಒಂದಕ್ಕೆ ಹೆಸರು ಕೊಟ್ಟ ಊರು. ತಮಿಳುನಾಡಿನ ಸೆಂಗೋಟೆಯ ಕಡೆಯಿಂದ ಹೊರಟು ಬಂದ ತಮ್ಮ ಪೂರ್ವಿಕರ ಕಥೆಯನ್ನು, ನಾಚಾರಮ್ಮನೆಂಬ ಹೆಂಗಸಿನ ಸುತ್ತ, ಅವರು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿದ್ದಾರೆ. ಇದೇ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರಲ್ಲಿ ಮೈಸೂರು ಸರ್ಕಾರ ಸುಮಾರು 3,000 ಎಕರೆ ನೆಲವನ್ನು ಟಿಬೆಟ್ಟಿನ ನಿರಾಶ್ರಿತರಿಗೆ ಗೊತ್ತುಮಾಡಿತು. 1961ರಲ್ಲಿ ಲುಗ್ಸುಂ ಸಂದುಪ್ಲಿಂಗ್ ಎಂಬ ವಸತಿಯೂ 1969ರಲ್ಲಿ ಎರಡನೆಯದೂ ಸ್ಥಾಪನೆಯಾದವು. ಹುಣಸೂರಿನ ಗುರುಪುರದಲ್ಲಿ ಮುಂದೆ ಮತ್ತೊಂದು ಬಂತು. ಕಾಡು ಕಡಿದು ಮುಸುಕಿನ ಜೋಳ ಬಿತ್ತಿದ ಆ ಮೊದಲ ತಲೆಮಾರಿನ ವಿವರ ಅವರ ಬಳಿಯೂ ಸರ್ಕಾರದ ಬಳಿಯೂ ದಾಖಲಾಗಿದೆ. ತಮ್ಮೊಳಗೆ ವಸತಿಗಳಿಗೆ ತಮ್ಮ ಭಾಷೆಯ ಹೆಸರಿದ್ದರೂ ಲೋಕಕ್ಕೆ ಅವರು ಬೈಲಕುಪ್ಪೆಯವರು. ಅಲ್ಲಿದ್ದ ಹಳ್ಳಿಯ ಕನ್ನಡ ಹೆಸರನ್ನು ಅವರು ದೂರದೂರಕ್ಕೆ ಒಯ್ದಿದ್ದಾರೆ.

ಈಚಿನ ಅರ್ಧ ಶತಮಾನದಲ್ಲಿ ಪಿರಿಯಾಪಟ್ಟಣ ಮತ್ತೆ ತಲೆಯೆತ್ತಿದ್ದರೆ ಅದಕ್ಕೆ ಕಾರಣ ಹೊಗೆಸೊಪ್ಪು. ಹುಣಸೂರಿನಲ್ಲಿ 1957ರಲ್ಲಿ ಸಂಶೋಧನಾ ಕೇಂದ್ರ ಬಂತು. 1976ರಲ್ಲಿ ತಂಬಾಕು ಮಂಡಳಿ, 1984ರಿಂದ ಅದರ ಹರಾಜು. ಇಂದು ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹೊಲಗಳ ನಡುವೆ ಎತ್ತರವಾಗಿ ನಿಂತಿರುವ ಬ್ಯಾರನ್ನುಗಳು ಈ ಸೀಮೆಯ ಹೊಸ ಕೋಟೆಕೊತ್ತಲಗಳಂತೆ ಕಾಣುತ್ತವೆ. ಅವುಗಳ ಒಲೆಗೆ ಸೌದೆ ಎಲ್ಲಿಂದ ಬರುತ್ತದೆಂಬ ಪ್ರಶ್ನೆ ನಮ್ಮನ್ನು ಮತ್ತೆ ಕಾಡಿನ ಅಂಚಿಗೇ ಕರೆದೊಯ್ಯುತ್ತದೆ. ಈ ವಿಷಯ ಪ್ರತ್ಯೇಕ ಲೇಖನವನ್ನು ಬೇಡುತ್ತದೆ.

ಇನ್ನು ಆಧಾರಗಳ ಮಾತು. ಈ ತಾಲ್ಲೂಕುಗಳ ಶಾಸನಗಳು ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 1898ರ ನಾಲ್ಕನೆಯ ಸಂಪುಟದಲ್ಲಿ ಬಂದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1974ರಿಂದ 1976ರ ವರೆಗೆ ಹೊರತಂದ ಮೂರು, ನಾಲ್ಕು, ಐದನೆಯ ಪರಿಷ್ಕೃತ ಸಂಪುಟಗಳಲ್ಲಿ ಅವು ಹೆಚ್ಚಿನ ಶುದ್ಧಿಯೊಡನೆ ದೊರೆಯುತ್ತವೆ. ಇವುಗಳನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಹನಸೋಗೆಯ ಬಗೆಗೆ ಇವೇ ನಮಗೆ ದಿಕ್ಕು. ಆದರೆ ಶಾಸನ ಹೇಳುವುದು ದಾನ ಕೊಟ್ಟವನ ಹೆಸರನ್ನು, ಗದ್ದೆಯ ಎಲ್ಲೆಯನ್ನು. ಆ ಗದ್ದೆಯನ್ನು ಉತ್ತವನ ಹೆಸರು ಅಲ್ಲಿ ಅಪೂರ್ವ. ಹುಣಸೂರಿನ ಕಾರ್ಖಾನೆಗಳ ಕಾಗದಗಳನ್ನು ಮದರಾಸಿನ ಸೇನಾ ದಾಖಲೆಗಳಲ್ಲಿಯೂ, ಕಮಿಷನರ್ ಕಾಲದ ಕಂದಾಯದ ಕಡತಗಳನ್ನು ಮೈಸೂರು ಬೆಂಗಳೂರುಗಳ ಪತ್ರಾಗಾರಗಳಲ್ಲಿಯೂ ಹುಡುಕಬೇಕು. ಪುರಸಭೆಗಳ ಹಳೆಯ ಕಂದಾಯ ಪುಸ್ತಕದಲ್ಲಿ ಬೀದಿಯ ಹೆಸರಿನ ಎದುರಿಗೆ ಕಸುಬಿನ ಹೆಸರಿರುತ್ತದೆ. ಅದು ಸಹ ಶಾಸನದಷ್ಟೇ ಓದತಕ್ಕದ್ದು.

ವಿದ್ಯಾರ್ಥಿಗಳಿಗೆ ಇದಕ್ಕಿಂತಲೂ ಅವಸರದ ಕೆಲಸವೊಂದಿದೆ. ಕಬಿನಿಯ ಹಿನ್ನೀರಿನ ಅಡಿಯಲ್ಲಿಯೂ ನಾಗರಹೊಳೆಯ ಒಳಗೂ ಇದ್ದ ಹಾಡಿಗಳಿಗೆ ಒಂದೊಂದಕ್ಕೂ ಹೆಸರಿತ್ತು. ಆ ಹೆಸರುಗಳು ಯಾವ ಸಂಪುಟದಲ್ಲಿಯೂ ಅಚ್ಚಾಗಿಲ್ಲ; ನಾಗಾಪುರದಲ್ಲಿಯೂ ಕೋಟೆಯ ಸುತ್ತಣ ಹೊಸ ಹಾಡಿಗಳಲ್ಲಿಯೂ ಇರುವ ಮುದುಕ ಮುದುಕಿಯರ ಬಾಯಲ್ಲಿವೆ. ಈ ವರ್ಷ ನಮ್ಮ ವಿಭಾಗದಲ್ಲಿ ಸ್ಥಳನಾಮಗಳ ಮೇಲೆ ಪ್ರಬಂಧ ಬರೆಯಲು ಬಯಸುವವರು ಪಟ್ಟಣಗಳನ್ನು ಬಿಟ್ಟು ಮೊದಲು ಅಲ್ಲಿಗೆ ಹೋಗಲಿ. ಹೇಳಿದ ಹೆಸರನ್ನು ಹೇಳಿದಂತೆಯೇ, ತಿದ್ದದೆ, ಸಂಸ್ಕೃತಕ್ಕೆ ಎಳೆಯದೆ, ಯಾವ ಹೊಳೆಯ ಯಾವ ದಡದಲ್ಲಿತ್ತು ಎಂಬ ವಿವರದೊಡನೆ ಬರೆದು ತರಲಿ.